ಅಡ್ವಾನ್ಸ್ ಪುರಾಣ

ಬೆಂಗಳೂರಿನಲ್ಲಿ ಮನೆ ಹುಡುಕುವವರು ಬಾಡಿಗೆಗಿಂತ ಮೊದಲು ಕೇಳಬೇಕಾದದ್ದು ಅಡ್ವಾನ್ಸು. ಬಾಡಿಗೆ 25,000 ಎಂದಾಗ ತಲೆಯಾಡಿಸಿದವರು, ‘ಅಡ್ವಾನ್ಸ್ ಎರಡೂವರೆ ಲಕ್ಷ’ ಎಂದೊಡನೆ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಹುಡುಕತೊಡಗುತ್ತಾರೆ. ದೆಹಲಿಯಲ್ಲಿ ಒಂದೆರಡು ತಿಂಗಳದ್ದು ಕೊಟ್ಟು ಬೀಗದ ಕೈ ಪಡೆದವರಿಗಂತೂ, ಇದು ಬಾಡಿಗೆಯೋ ಆಸ್ತಿಯಲ್ಲಿ ಪಾಲೋ ಎಂಬ ಗುಮಾನಿ.

ಮಾಲೀಕರಲ್ಲೂ ಪಂಗಡಗಳುಂಟು. ಒಬ್ಬರು ‘ನೀವು ನಮ್ಮವರೇ’ ಎಂದು ಕಾಫಿ ಕೊಟ್ಟು ಹತ್ತು ತಿಂಗಳದ್ದು ಕೇಳುತ್ತಾರೆ. ಇನ್ನೊಬ್ಬರು ಮುಖ ಗಂಟಿಕ್ಕಿಕೊಂಡೇ ಆರಕ್ಕೆ ಇಳಿಯುತ್ತಾರೆ. ಕಾಫಿ ದುಬಾರಿ! ಭೋಗ್ಯಕ್ಕೆ ಕೊಡುವವರಿಗೆ ತಿಂಗಳ ಬಾಡಿಗೆಯೇ ಬೇಡ, ಇಡಿಗಂಟೇ ಬೇಕು.

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಪ್ರಕಾರ ವಾಸದ ಮನೆಗೆ ಠೇವಣಿ 2 ತಿಂಗಳ ಬಾಡಿಗೆ ಮೀರಬಾರದು, ಅಂಗಡಿ-ಕಚೇರಿಗೆ 6 ತಿಂಗಳದ್ದು. ಆದರೆ ರಾಜ್ಯಗಳು ಅಳವಡಿಸಿಕೊಂಡರಷ್ಟೇ ಅದಕ್ಕೆ ಬಲ.

ಮನೆ ಬಿಡುವಾಗ ಪೇಂಟಿಂಗ್ ಲೆಕ್ಕದಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಇಲ್ಲಿನ ರೂಢಿ; ಗೋಡೆ ಕನ್ನಡಿಯಂತೆ ಹೊಳೆಯುತ್ತಿದ್ದರೂ ವಿನಾಯಿತಿಯಿಲ್ಲ. ಆದ್ದರಿಂದ ಬಾಡಿಗೆದಾರ ಬಂಧುಗಳೇ, ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ, ಕರಾರುಪತ್ರದಲ್ಲಿ ಬರೆಸಿ. ಮಕ್ಕಳು ಗೋಡೆ ಮೇಲೆ ಗೀಚಿದರೆ ಗದರಬೇಡಿ. ಹೇಗೂ ದುಡ್ಡು ಕೊಟ್ಟಾಗಿದೆ!