ಮಾಳಿಗಿ ಮ್ಯಾಲಿನ ಮಂಗ್ಯಾ

ಊರಿಗೊಬ್ಬ ಇರುತ್ತಾನೆ, ಆಯುಷ್ಯವಿಡೀ ತಯಾರಿಯಲ್ಲೇ ಇರುವವ. ಗರಡಿ ಕಟ್ಟೆಯ ಮೇಲೆ ಕೂತು ಯಾವ ಪೈಲ್ವಾನ ಯಾವ ಪಟ್ಟು ಹಾಕಬೇಕಿತ್ತು ಎಂದು ತೀರ್ಪು ಕೊಡುವವ. ಚಹಾದಂಗಡಿಯಲ್ಲಿ ಭಾರತದ ಕ್ರಿಕೆಟ್ ತಂಡವನ್ನು ದಿನಾ ಒಡೆದು ಕಟ್ಟುವವ. ಮಳೆ ಬೀಳುವ ಮೊದಲೇ ಮನಸ್ಸಿನಲ್ಲಿ ಹೆಸರು ಬಿತ್ತಿ, ಕಳೆ ತೆಗೆದು, ರೇಟು ಬಿತ್ತೆಂದು ಬೇಜಾರೂ ಮಾಡಿಕೊಂಡು ಮುಗಿಸುವವ. ಗಜೇಂದ್ರಗಡದಲ್ಲಿ ಈ ಪರಂಪರೆಯ ಇಂದಿನ ವಾರಸುದಾರ ನಮ್ಮ ಅಣ್ಣನ ಮಗ. ಹೆಸರು ಬರೆದರೆ ನಾಳೆಯಿಂದ ಆ ಮನೆಯಲ್ಲಿ ನನಗೆ ಚಹಾ ಹುಟ್ಟುವುದಿಲ್ಲ. ಆದ್ದರಿಂದ 'ನಮ್ಮಾಂವ' ಅಂದರೆ ಸಾಕು.

ನಮ್ಮಾಂವ ಎಂಜಿನಿಯರಿಂಗ್ ಕಲಿತವ. ಕೊರೋನಾ ಕಾಲಕ್ಕೆ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದವ ಇಲ್ಲಿಂದಲೇ ಕಂಪನಿ ಕೆಲಸ ಮಾಡಿಕೊಂಡು ಉಳಿದ. ಸಂಬಳ ಬರುತ್ತದೆ, ಚಟವಿಲ್ಲ, ಜಗಳವಿಲ್ಲ, ಕಾಲಕಾಲೇಶ್ವರನ ಜಾತ್ರೆಗೆ ಕರೆದರೆ ಬಂದು ತೇರೂ ಎಳೆಯುತ್ತಾನೆ. ಸಂಜೆಯಾಗುತ್ತಲೇ ಮಾಳಿಗೆ ಹತ್ತಿದನೆಂದರೆ ಮಾತ್ರ ಅವನು ಅವನಲ್ಲ. ಪೋಕೆಮಾನ್ ಕಾಳಗ ಶುರು.

ಪೋಕೆಮಾನ್ ಎಂದರೆ ಇವನು ಸಣ್ಣವನಿದ್ದಾಗ ಟಿವಿಯಲ್ಲಿ ಹಿಂದಿ ಮಾತಾಡುತ್ತಿದ್ದ ಕಾರ್ಟೂನ್, ಚಿಪ್ಸ್ ಪಾಕೀಟಿನಲ್ಲಿ ಬರುತ್ತಿದ್ದ ಪ್ಲಾಸ್ಟಿಕ್ ಬಿಲ್ಲೆ ಎಂದಷ್ಟೇ ನಾನು ತಿಳಿದಿದ್ದೆ. ಅದರ ಮೂಲ ಆಟವಂತೆ, 1996ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ಹುಟ್ಟಿದ್ದಂತೆ. ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಆರರ ತಂಡ ಕಟ್ಟಿ ಬೇರೆಯವರ ತಂಡದ ಜೊತೆ ಕಾದಾಡಿಸುವುದು. ಕಾದಾಟ ಹತ್ತು-ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. ಕಟ್ಟುವುದು ಮುಗಿಯುವುದಿಲ್ಲ.

ಕಟ್ಟುವಾಗ ಒಬ್ಬ ಕೇಳುವವ ಬೇಕು. ನನ್ನ ಗ್ರಹಚಾರ, ನಾನು ನಿವೃತ್ತ ಗಣಿತದ ಮಾಸ್ತರ. "ಕಾಕಾ, ಒಂದ್ ಐದ್ ನಿಮಿಷ ಬರ್ರಿ, ಲೆಕ್ಕದ್ದು" ಅನ್ನುತ್ತಾನೆ. ಲೆಕ್ಕ ಎಂದ ಮೇಲೆ ನನಗೂ ತಡೆಯುವುದಿಲ್ಲ. ಆ ಐದು ನಿಮಿಷದಲ್ಲಿ ನಾನು ಎರಡು ಸಲ ಆಕಳಿಸಿ, ಒಂದು ಸಲ ನಿದ್ದೆ ಹೋಗಿ, ಎದ್ದು ಊಟ ಮಾಡಿ ಬಂದರೂ ಅವನು ಅದೇ ವಾಕ್ಯದ ನಡುವೆ ಇರುತ್ತಾನೆ.

ಲೆಕ್ಕ ಹೀಗಿದೆ. ಪ್ರತಿ ಪ್ರಾಣಿಗೂ ಆರು ಅಂಗ: ಜೀವ, ಹೊಡೆತ, ತಡೆತ, ವಿಶೇಷ ಹೊಡೆತ, ವಿಶೇಷ ತಡೆತ, ವೇಗ. ಹುಟ್ಟಿನಿಂದ ಬಂದದ್ದು ಬಂತು. ಅದರ ಮೇಲೆ ಸಾಕುವವ ದುಡಿದು ಹಾಕುವ ಪಾಯಿಂಟು ಒಟ್ಟು 510. ಒಂದು ಅಂಗಕ್ಕೆ 252ಕ್ಕಿಂತ ಹೆಚ್ಚು ಹಾಕಿದರೆ ನೀರಲ್ಲಿ ಹಾಕಿದಂತೆ. ನೂರನೇ ಮಟ್ಟದಲ್ಲಿ ನಾಲ್ಕು ಪಾಯಿಂಟಿಗೆ ಒಂದು ಅಂಕ ಏರುತ್ತದೆ. ಸೀದಾ ಮನುಷ್ಯರು ಹೊಡೆತಕ್ಕೆ 252, ವೇಗಕ್ಕೆ 252 ಸುರಿದು ಊಟಕ್ಕೆ ಹೋಗುತ್ತಾರೆ. ನಮ್ಮಾಂವ ಸೀದಾ ಮನುಷ್ಯ ಅಲ್ಲ. ಅವನಿಗೆ ಬೇಕಾದದ್ದು ಎರಡೂ ಕಡೆಯಿಂದ ಹೊಡೆಯುವ ಆಳು. ಅವನ ಭಾಷೆಯಲ್ಲಿ 'ಮಿಕ್ಸ್ಡ್ ಅಟ್ಯಾಕರ್'.

ಮೈಯಿಂದ ಹೊಡೆಯುವುದು ಒಂದು, ಬೆಂಕಿ-ನೀರು-ಮಿಂಚು ಉಗುಳಿ ಹೊಡೆಯುವುದು ಇನ್ನೊಂದು. ಇದನ್ನು ಅವನು ತನ್ನ ಆಯಿಗೆ, ಅಂದರೆ ನಮ್ಮ ಅವ್ವನಿಗೆ, ಬಿಡಿಸಿ ಹೇಳಿದ: "ಆಯೀ, ಕೆಲವು ಕೈಲೆ ಹೊಡೀತಾವ, ಕೆಲವು ಬಾಯಿಲೆ ಹೊಡೀತಾವ. ನಂದು ಎರಡರಲೇನೂ ಹೊಡೀತೈತಿ."

ಅವ್ವ ಎಲೆ-ಅಡಕೆ ಕುಟ್ಟುತ್ತಾ ಅಂದಳು, "ಅದರಾಗೇನ್ ಹೊಸಾದು? ನಮ್ಮತ್ತಿ ಹಂಗ ಇದ್ಲು."

ಅವನ ಮೆಚ್ಚಿನ ಆಳಿನ ಹೆಸರು ಇನ್ಫರ್ನೇಪ್. ಮಂಗ. ತಲೆಯ ಮೇಲೆ ಬೆಂಕಿ ಉರಿಯುತ್ತದೆ. ಮೊಬೈಲಿನಲ್ಲಿ ಅದನ್ನು ನೋಡಿ ಅವ್ವ ಮೊದಲು ಕೈ ಮುಗಿದಳು, ಆಮೇಲೆ ತಕರಾರು ತೆಗೆದಳು: "ಹಣಮಪ್ಪಗ ಬೆಂಕಿ ಬಾಲಕ್ಕ ಹಚ್ಚಿದ್ರು. ಇದಕ್ಕ ತಲೀಗೆ ಯಾರ್ ಹಚ್ಚಿದ್ರು?" ಮರಿಯಿದ್ದಾಗ ಬೆಂಕಿ ಹಿಂದೆಯೇ ಇರುತ್ತದೆ, ಬೆಳೆದ ಮೇಲೆ ತಲೆಗೇರುತ್ತದೆ ಎಂದು ಅವನು ಗಂಭೀರವಾಗಿ ಉತ್ತರಿಸಿದ. "ನಿನಗೂ ಹಂಗ ಆಗೇತಿ" ಎಂದು ನಮ್ಮ ಅಣ್ಣ ಒಳಗಿನಿಂದ ಕೂಗಿದ. 1787ರಲ್ಲಿ ಟಿಪ್ಪು ಸುಲ್ತಾನನೂ ಮರಾಠರೂ ಒಪ್ಪಂದಕ್ಕೆ ಬಂದದ್ದು ಇದೇ ಗಜೇಂದ್ರಗಡದಲ್ಲಿ. ಈ ಅಪ್ಪ-ಮಗನದು ಮಾತ್ರ ಇನ್ನೂ ಮಾತುಕತೆಯ ಹಂತಕ್ಕೂ ಬಂದಿಲ್ಲ.

ಈ ಮಂಗನಿಗೆ ಹೊಡೆತ 104, ವಿಶೇಷ ಹೊಡೆತವೂ 104. ಹುಟ್ಟಿನಲ್ಲೇ ಸರಿಸಮ. ಇದು ಬಂದದ್ದು 2006ರ ಆಟದಲ್ಲಿ. ಅಲ್ಲಿಯವರೆಗೆ ಬೆಂಕಿ ಎಂದರೆ ಎಲ್ಲವೂ ವಿಶೇಷ, ಕುಸ್ತಿ ಎಂದರೆ ಎಲ್ಲವೂ ಮೈಹೊಡೆತ ಎಂದು ಜಾತಿವಾರು ಹಂಚಿಕೆಯಿತ್ತು. ಆ ವರ್ಷದಿಂದ ಪಟ್ಟು ಪಟ್ಟಿಗೂ ಬೇರೆ ಬೇರೆ ಹಂಚಿಕೆಯಾಯಿತು. ನಮ್ಮಾಂವ ಇದನ್ನು ಹೇಳುವಾಗ ಭೂಸುಧಾರಣೆ ಕಾಯ್ದೆ ಜಾರಿಯಾದ ಸಂಭ್ರಮ ಮುಖದ ಮೇಲಿರುತ್ತದೆ.

ಎರಡೂ ಹೊಡೆತ ಯಾಕೆ ಬೇಕೆಂದರೆ, ಎದುರಿನವ ಎರಡು ಗೋಡೆ ಇಟ್ಟಿರುತ್ತಾನೆ. ಒಂದು ಸ್ಕಾರ್ಮರಿ, ಉಕ್ಕಿನ ರೆಕ್ಕೆಯ ಹಕ್ಕಿ. ಗುದ್ದಿದವನ ಕೈಯೇ ನೋಯಬೇಕು, ತಡೆತ 140. ಇನ್ನೊಂದು ಬ್ಲಿಸ್ಸಿ, ಹೊಟ್ಟೆಯ ಚೀಲದಲ್ಲಿ ತತ್ತಿ ಇಟ್ಟುಕೊಂಡ ಗುಲಾಬಿ ಬಣ್ಣದ ದಪ್ಪ ಜೀವ. ಬೆಂಕಿ ಉಗುಳಿ, ಮಿಂಚು ಉಗುಳಿ, ಅದು ನಗುತ್ತಾ ನಿಂತಿರುತ್ತದೆ. ಜೀವ 255. ಆದರೆ ಮೈಹೊಡೆತಕ್ಕೆ ಅದರ ತಡೆತ ಬರೀ 10. ಮಂಗ ಹಕ್ಕಿಗೆ ಬೆಂಕಿ ಉಗುಳುತ್ತದೆ, ಬ್ಲಿಸ್ಸಿಗೆ ಹತ್ತಿರ ಹೋಗಿ ಗುದ್ದುತ್ತದೆ. ಯಾವುದು ಬರುತ್ತದೋ ಎದುರಿನವನಿಗೆ ಗೊತ್ತಾಗಬಾರದು. ಈ ಪಾಠದ ಫಲವಾಗಿ ನಮ್ಮ ಮನೆಯ ನೆಂಟರೆಲ್ಲ ವಿಂಗಡಣೆಯಾಗಿದ್ದಾರೆ. ಎಷ್ಟು ಬೈದರೂ ನಗುತ್ತಾ ಕೂತು, ತಟ್ಟೆ ಕಸಿದುಕೊಂಡರೆ ಮಾತ್ರ ಅಳುವ ನಮ್ಮ ದೊಡ್ಡಕ್ಕ ಬ್ಲಿಸ್ಸಿ. ಸಾಲ ಕೇಳಿದರೆ ಉಕ್ಕಾಗುವ ಭಾವ ಸ್ಕಾರ್ಮರಿ.

"ನಾನು?" ಎಂದು ಒಮ್ಮೆ ಕೇಳಿದೆ. ಕೇಳಬಾರದಿತ್ತು.

"ನೀವು ಮಿಕ್ಸ್ಡ್ ಅದೀರಿ ಕಾಕಾ. ಸಾಲಿನೂ ಕಲಿಸಿದ್ರಿ, ಎಲ್‌ಐಸಿನೂ ಮಾಡಿದ್ರಿ, ಪೇಪರಿಗೂ ಬರದ್ರಿ."

ಉಬ್ಬಿದೆ. ಅವನು ಮುಂದುವರಿಸಿದ: ಮಿಕ್ಸ್ಡ್ ಆಳಿನ ಕಷ್ಟ ಎಲ್ಲಿ ಎಂದರೆ ಸ್ವಭಾವದಲ್ಲಿ. ಆಟದಲ್ಲಿ 25 ಸ್ವಭಾವ. ಅದರಲ್ಲಿ 5 ಏನೂ ಕೂಡಿಸುವುದಿಲ್ಲ, ಏನೂ ಕಳೆಯುವುದಿಲ್ಲ. (ನಮ್ಮ ಸ್ಟಾಫ್ ರೂಮಿನಲ್ಲಿ ಅಂಥವರೇ ಹೆಚ್ಚಿದ್ದರು.) ಉಳಿದ 20 ಒಂದು ಅಂಗವನ್ನು ಶೇಕಡಾ 10 ಏರಿಸಿ ಇನ್ನೊಂದನ್ನು ಶೇಕಡಾ 10 ಇಳಿಸುತ್ತವೆ. ಒಂದೇ ಬಗೆಯಲ್ಲಿ ಹೊಡೆಯುವವ ತನಗೆ ಬೇಡದ ಹೊಡೆತವನ್ನು ಇಳಿಸಿ ಆರಾಮಾಗಿರುತ್ತಾನೆ. ಎರಡೂ ಬೇಕೆನ್ನುವವನಿಗೆ ಇಳಿಸಲು ಉಳಿಯುವುದು ತಡೆತ ಮಾತ್ರ. 'ನಾಯೀವ್' ಎಂಬ ಸ್ವಭಾವ ಹಿಡಿದರೆ ವೇಗ ಏರುತ್ತದೆ, ವಿಶೇಷ ತಡೆತ ಇಳಿಯುತ್ತದೆ. ಅದರ ಮೇಲೆ 'ಲೈಫ್ ಆರ್ಬ್' ಎಂಬ ಗುಂಡು ಕೈಗೆ ಕೊಟ್ಟರೆ ಹೊಡೆತ ಶೇಕಡಾ 30 ಜೋರಾಗುತ್ತದೆ, ಹೊಡೆದಾಗೊಮ್ಮೆ ತನ್ನ ಜೀವದ ಹತ್ತನೇ ಒಂದು ಪಾಲು ತಾನೇ ಕಳೆದುಕೊಳ್ಳುತ್ತದೆ.

"ಅಂದ್ರ ಎಲ್ಲಾ ಕಡೆ ಹೊಡಿಯಾಂವ ಲಗೂನ ಸಾಯ್ತಾನ್ರಿ ಕಾಕಾ" ಎಂದ, ನನ್ನನ್ನು ನೋಡುತ್ತಾ. ಉಬ್ಬು ಇಳಿಯಿತು. ಸುಳ್ಳೇನಲ್ಲ. ನನ್ನಲ್ಲಿ ಪಾಲಿಸಿ ಮಾಡಿಸಿದವರು ನನ್ನ ಹಾಸ್ಯ ಓದಲಿಲ್ಲ, ಹಾಸ್ಯ ಓದಿದವರು ಪಾಲಿಸಿ ಮಾಡಿಸಲಿಲ್ಲ.

ಈ ಸಂಕಟದಲ್ಲಿ ನನಗೆ ಒಂದು ಸಂಜೆ ರಜೆ ಸಿಕ್ಕದ್ದು ನಮ್ಮ ಓಣಿಯ ಹಿರಿಯ ಅಜ್ಜನಿಂದ. ಟಗರಿನ ಕಾಳಗಕ್ಕೆ ಟಗರು ಸಾಕಿ ಹೆಸರು ಮಾಡಿದವರು. ಈಗ ಕಾಯ್ದೆ ಒಪ್ಪುವುದಿಲ್ಲ, ಮೈಯೂ ಒಪ್ಪುವುದಿಲ್ಲ. ಹುಡುಗ ಏನನ್ನೋ ಕಾಳಗಕ್ಕೆ ಸಾಕಿದ್ದಾನೆಂದು ಯಾರೋ ಹೇಳಿದ್ದನ್ನು ಕೇಳಿ ಕೋಲೂರಿಕೊಂಡು ಮಾಳಿಗೆ ಹತ್ತಿ ಬಂದರು.

"ಎಷ್ಟ್ ಹಲ್ಲಿಂದಪಾ?" ಟಗರಿನ ಜೋಡಿ ಕಟ್ಟುವುದು ಹಲ್ಲಿನ ಮೇಲೆ: ಹಾಲುಹಲ್ಲು, ಎರಡು, ನಾಲ್ಕು, ಆರು, ಎಂಟು.

"ಹಲ್ಲಿಲ್ರಿ ಅಜ್ಜಾರ, ಲೆವೆಲ್. ನೂರು."

"ಅಬಬಬ! ತಿನ್ನಾಕ ಏನ್ ಹಾಕ್ತಿ?"

"ಪ್ರೋಟೀನ್ ಕೊಟ್ರ ಹೊಡ್ತ ಏರತೈತ್ರಿ, ಕ್ಯಾಲ್ಸಿಯಂ ಕೊಟ್ರ ವಿಶೇಷ ಹೊಡ್ತ, ಕಾರ್ಬೋಸ್ ಕೊಟ್ರ ಓಟ."

ಆಟದಲ್ಲಿ ನಿಜಕ್ಕೂ ಹಾಗೇ ಇದೆ. ಅಜ್ಜ ತಲೆದೂಗಿದರು. "ನಾವೂ ನೆನಿಕಡ್ಲಿ, ತತ್ತಿ, ಹಾಲು ಹಾಕ್ತಿದ್ವಿ. ಒಂದ್ ಮಾತ್ ಕೇಳ್ತೇನಿ. ಟಗರು ಗುದ್ದಿದ ಮ್ಯಾಲೆ ಹಿಂದಕ ಸರೀತೈತಿ. ಸರಿಯೂದು ಗೊತ್ತಿಲ್ಲದ್ದು ಗೆಲ್ಲೂದಿಲ್ಲ. ನಿನ್ನ ಮಂಗ್ಯಾಗ ಹಿಂದ ಸರಿಯಾಕ ಬರತೈತೇನು?"

"ಯೂ-ಟರ್ನ್ ಐತ್ರಿ ಅಜ್ಜಾರ! ಒಂದೇಟು ಕೊಟ್ಟು ವಾಪಸ್ ಬರತೈತಿ, ಇನ್ನೊಂದನ್ನ ಮುಂದ ಬಿಡತೇನಿ."

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ಅಜ್ಜ ತಮ್ಮ ಟಗರಿನ ಕೋಡು ಹೇಗೆ ಸುತ್ತಿಕೊಂಡಿತ್ತು ಎಂದು ಗಾಳಿಯಲ್ಲಿ ಬರೆದು ತೋರಿಸುತ್ತಿದ್ದರು. ಇವನು ಬಾಯಿ ತೆರೆದು ನೋಡುತ್ತಿದ್ದ. ನಾನು ಅಂದು ಹೊತ್ತಿಗೆ ಸರಿಯಾಗಿ ಮಲಗಿದೆ.

ನರಗುಂದದ ಪ್ರಸಂಗವನ್ನು ಮಾತ್ರ ಮನೆಯಲ್ಲಿ ಯಾರೂ ನನ್ನೆದುರು ಎತ್ತುವುದಿಲ್ಲ. ಕನ್ಯಾ ನೋಡಲು ಹೊರಟಿದ್ದೆವು. ಅಣ್ಣ, ವೈನಿ, ನಾನು, ನಮ್ಮಾಂವ. ಬಸ್ಸಿನಲ್ಲಿ ಅವನು ನನ್ನ ಪಕ್ಕ. ರೋಣ ಸ್ಟ್ಯಾಂಡ್ ಬರುವಷ್ಟರಲ್ಲಿ ಮಂಗನ ನಾಲ್ಕನೇ ಪಟ್ಟು ಯಾವುದಿರಬೇಕೆಂಬ ಚರ್ಚೆ. ಒಂದು ಪ್ರಾಣಿಗೆ ನಾಲ್ಕೇ ಪಟ್ಟು; ಮೂರು ಗಟ್ಟಿಯಾಗಿದ್ದವು. ಮುಂದಿನ ಸೀಟಿನಿಂದ ಅಣ್ಣ ತಿರುಗಿದ. "ಇದ ರೋಣದಾಗ ಹುಟ್ಟಿದ ಭೀಮಸೇನ ಜೋಶಿ ಹನ್ನೊಂದಕ್ಕ ಮನಿ ಬಿಟ್ಟು ಗುರುವಿನ್ನ ಹುಡುಕ್ಕೋಂತ ಹೋದ್ರು. ನೀನು ಇಪ್ಪತ್ತೇಳಕ್ಕೂ ಮಾಳಿಗಿ ಬಿಟ್ಟು ಇಳಿಯವಲ್ಲಿ."

ನರಗುಂದದ ಮನೆಯಲ್ಲಿ ಎಲ್ಲ ಕ್ರಮವಾಗಿ ನಡೆಯಿತು. ಉಪ್ಪಿಟ್ಟು, ಚೂಡಾ, ಮಲಪ್ರಭಾ ಕಾಲುವೆಗೆ ನೀರು ಬಂತೋ ಇಲ್ಲವೋ ಎಂಬ ಮಾತು. ಹುಡುಗಿಯ ಅಜ್ಜ 1980ರ ರೈತ ಬಂಡಾಯ ಕಂಡವರು, ಹರಿತ ಕಣ್ಣು. "ಹುಡುಗಗ ಏನ್ ಹವ್ಯಾಸ?" ಎಂದು ಕೇಳಿದರು. "ಓದ್ತಾನ್ರಿ" ಎಂದು ಅಣ್ಣ ಅವಸರದಿಂದ ಬಾಗಿಲು ಹಾಕಿದ. ಅಷ್ಟರಲ್ಲಿ ಒಂಬತ್ತನೆತ್ತೆಯಲ್ಲಿದ್ದ ಹುಡುಗಿಯ ತಮ್ಮ ಬಂದ. ಅವನ ಮೊಬೈಲ್ ಕವರಿನ ಮೇಲೆ ಪೋಕೆಮಾನಿನ ಹಳದಿ ಇಲಿ. ನಮ್ಮಾಂವನ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ. ವೈನಿಯೂ ನೋಡಿದಳು, ಅವನ ಕಾಲು ತುಳಿಯಲು ಹೋಗಿ ನನ್ನದನ್ನು ತುಳಿದಳು.

"ಮಿಕ್ಸ್ಡ್ ಅಂದ್ರ ಎರಡೂ ಅರ್ಧಮರ್ಧ ಅಲ್ಲೇನ್ರೀ?" ಎಂದುಬಿಟ್ಟ ಆ ಪೋರ, ನಮ್ಮಾಂವ ತನ್ನ ಮಂಗನ ಬಗ್ಗೆ ಹೇಳಿದ್ದನ್ನು ಕೇಳಿ.

ಆಮೇಲೆ ತಡೆಯುವವರು ಯಾರು. ಎರಡು ಮೊಬೈಲು ಹೊರಬಂದವು. ಹುಡುಗಿ ಚಹಾದ ತಾಟು ಹಿಡಿದು ಬಂದಾಗ ನಮ್ಮಾಂವ ಕಣ್ಣೆತ್ತದೆ, "ಒಂದ್ ನಿಮಿಷ ರೀ, ಇವರ ಸ್ಕಾರ್ಮರಿ ಸುಟ್ಟು ಬರ್ತೇನಿ" ಅಂದ. ಸುಟ್ಟ. ಬ್ಲಿಸ್ಸಿಯನ್ನು ಗುದ್ದಿ ಕೆಡವಿದ. ಎರಡು ಹೊಡೆತಕ್ಕೆ ಲೈಫ್ ಆರ್ಬ್ ತನ್ನ ಪಾಲು ತಿಂದಿತ್ತು. ಪೋರ ಸ್ಟಾರ್ಮಿ ಎಂಬ ನಕ್ಷತ್ರಮೀನು ಬಿಟ್ಟ. ಮಂಗನ ವೇಗ 108, ಮೀನಿನದು 115. ಮೀನು ಮೊದಲು ನೀರು ಎರಚಿತು. ಇಳಿಸಿಟ್ಟಿದ್ದ ವಿಶೇಷ ತಡೆತದ ಮೇಲೇ ಬಿತ್ತು. ಮಂಗ ಮಲಗಿತು. ಅಜ್ಜ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ದಿನಾ ಯಾರ್ ಜೋಡಿ ಆಡ್ತಿಯಪಾ?"

"ಗೊತ್ತಿಲ್ರಿ. ಯಾರ್ಯಾರೋ ಇರ್ತಾರ. ಯಾವ್ಯಾವ್ದೋ ದೇಶದಾಗ."

"ಮಾರಿ ಕಾಣದ ವೈರಿ ಜೋಡಿ ಎಂಥಾ ಜಗಳೋ" ಎಂದರು ಅಜ್ಜ.

ಆ ಮಾತು ನನಗೆ ವಾಪಸ್ ಬರುವ ಬಸ್ಸಿನುದ್ದಕ್ಕೂ ಕಾಡಿತು. ಇವನ ಜೊತೆ ಗಜೇಂದ್ರಗಡದಲ್ಲಿ ಬಿಲ್ಲೆ ಆಡಿದವರೆಲ್ಲ ಬೆಂಗಳೂರು, ಪುಣೆ, ಇನ್ನೂ ಆಚೆ. ಇದ್ದೊಬ್ಬ ಗೆಳೆಯನ ಮನೆಯಲ್ಲಿ ಪಟ್ಟೇದ ಅಂಚಿನ ಸೀರೆಯ ಮಗ್ಗ ನಿಂತ ಮೇಲೆ ಅವನೂ ಹುಬ್ಬಳ್ಳಿ ಸೇರಿದ. ಊರಲ್ಲಿ ಮಾತಾಡಲು ಉಳಿದವ ಕಾಕಾ ಒಬ್ಬನೇ, ಅವನೂ ಆಕಳಿಸುತ್ತಾನೆ. ಮಾಳಿಗೆಯಿಂದ ನೋಡಿದರೆ ಗುಡ್ಡದ ಮೇಲೆ ಸಾಲು ಸಾಲು ಗಾಳಿಪಂಖಾ ತಿರುಗುತ್ತಿರುತ್ತವೆ. ಅಷ್ಟೊಂದು ತಿರುಗಿದರೂ ಗೆಲ್ಲುವ ಹೊತ್ತಿಗೆ ಸರಿಯಾಗಿ ನಮ್ಮ ಮನೆಯ ಕರೆಂಟು ಹೋಗುತ್ತದೆ ಎಂಬುದು ಅವನ ಕಾಯಂ ದೂರು.

ನರಗುಂದದಿಂದ ಉತ್ತರ ಬಂತು. ಹುಡುಗ ಚಲೋ ಇದ್ದಾನೆ, ಮನೆತನ ಚಲೋ, ಆದರೆ ಈ ನೆಂಟಸ್ತನವಾದರೆ ತಮ್ಮ ಹುಡುಗ ಎಸ್ಸೆಸ್ಸೆಲ್ಸಿ ದಾಟುವುದಿಲ್ಲವೆಂಬ ಅಂಜಿಕೆಯಂತೆ. ಅಣ್ಣ ಮೂರು ದಿನ ಮಾತು ಬಿಟ್ಟ. ಆ ಪೋರ ಮಾತ್ರ ಪ್ರತಿ ಭಾನುವಾರ ಫೋನ್ ಮಾಡಿ ಇವನನ್ನು ಸೋಲಿಸುತ್ತಾನೆ. "ಮಾಮಾ" ಎಂದೇ ಕರೆಯುತ್ತಾನಂತೆ. ಹುಡುಗಿ ಹಿಂದೆ ನಿಂತು ನೋಡುತ್ತಿರುತ್ತಾಳೋ ಏನೋ, ಕೇಳಿದರೆ ನಮ್ಮಾಂವ ಕಿವಿ ಕೆಂಪಗೆ ಮಾಡಿಕೊಂಡು ಸ್ಟಾರ್ಮಿಯ ವಿಷಯ ತೆಗೆಯುತ್ತಾನೆ.

ಮೊನ್ನೆ ನಡುರಾತ್ರಿ ಬಾಗಿಲು ಬಡಿದ. ಯಾರಿಗೋ ಏನೋ ಆಯಿತೆಂದು ಧೋತರ ಎತ್ತಿ ಕಟ್ಟಿಕೊಂಡು ಓಡಿ ಬಂದೆ.

"ಕಾಕಾ, ವೇಗಕ್ಕ 252 ಹಾಕೇನಿ. ವಿಶೇಷ ಹೊಡ್ತಕ್ಕ 188, ಹೊಡ್ತಕ್ಕ 64. ಕಡೀಕ 2 ಹೆಂಗೂ ದಂಡ. ನಾಕು ಉಳದಾವ. ಎಲ್ಲೆ ಹಾಕ್ಲಿ?"

"ಬುದ್ಧಿಗೆ ಹಾಕು" ಅಂದೆ.

ಅವನು ನಿಜಕ್ಕೂ ಯೋಚಿಸಿದ. "ಬುದ್ಧಿ ಆರರಾಗ ಬರೂದಿಲ್ರಿ ಕಾಕಾ."

"ಹಂಗಾರ ಜೀವಕ್ಕ ಹಾಕು. ಹೋಗ್ತ ಲೈಟ್ ಆರಿಸಿ ಹೋಗು."