ವೈನಿಯ ಲಾಂಗ್ ವೀಕೆಂಡು

2026ರ ಕ್ಯಾಲೆಂಡರ್ ಬರೆದವನಿಗೂ ಬ್ಯಾಂಕ್ ನೌಕರರಿಗೂ ಏನೋ ಒಳಸಂಬಂಧ ಇರಲೇಬೇಕು ಎಂದು ಬೇಲಿ ಆಚೆಯ ವೈನಿ ತೀರ್ಮಾನಿಸಿಬಿಟ್ಟಿದ್ದಾರೆ. ಚೌತಿ ಸೆಪ್ಟೆಂಬರ್ 14, ಸೋಮವಾರ. ಅದರ ಹಿಂದಿನ ಶನಿವಾರ ತಿಂಗಳ ಎರಡನೆಯದು. ಗಾಂಧಿ ಜಯಂತಿ ಶುಕ್ರವಾರ. ಕ್ರಿಸ್‌ಮಸ್ಸೂ ಶುಕ್ರವಾರ, ಮರುದಿನ ನಾಲ್ಕನೇ ಶನಿವಾರ. “ರಾಜ್ಯೋತ್ಸವ ಒಂದು ಭಾನುವಾರ ಬಿದ್ದು ಹಾಳಾತು ನೋಡ್ರಿ ಸರ್ರ,” ಎಂದು ತಾಯಿ ಭುವನೇಶ್ವರಿಯ ಪರವಾಗಿಯೂ ಅಷ್ಟು ನೊಂದುಕೊಂಡರು.

ಈ ಲೆಕ್ಕವೆಲ್ಲ ಹುಬ್ಬಳ್ಳಿಯ ಬ್ಯಾಂಕಿನಲ್ಲಿರುವ ಮಗನದು. “ಅವ್ವಾ, ಮಂದಿ ಎಲ್ಲಾ ಲಾಂಗ್ ವೀಕೆಂಡಿಗೆ ಹೊರಗ ಹೊಕ್ಕಾರ. ನಾವೂ ಒಮ್ಮೆ ಲಕ್ಷುರಿಯಾಗಿ ಬೀಚಿಗೆ ಹೋಗೂಣು,” ಅಂದನಂತೆ. ಅಂದವನು ಸುಮ್ಮನಿರದೆ ನಾಲ್ಕಾರು ರೆಸಾರ್ಟುಗಳ ಫೋಟೊ ಕಳಿಸಿದ್ದಾನೆ. ವೈನಿ ಮೊಬೈಲನ್ನು ದಾಸವಾಳದ ಬೇಲಿಯ ಮೇಲಿಂದ ನನ್ನ ಮೂಗಿಗೆ ತಾಗುವ ಹಾಗೆ ಚಾಚಿದರು. ಎದುರಿಗೆ ನೀಲಿ ಸಮುದ್ರ, ಅದರ ದಂಡೆಯಲ್ಲೇ ಕಟ್ಟಿಸಿದ ಇನ್ನೊಂದು ನೀಲಿ ಈಜುಕೊಳ. “ಅಷ್ಟು ದೊಡ್ಡ ಸಮುದ್ರ ದೇವರು ಪುಕ್ಕಟೆ ಕೊಟ್ಟಾನ. ಅದರ ಮುಂದ ಈ ಹೊಂಡ ಯಾಕ ತೋಡ್ಯಾರ?” ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ರೆಸಾರ್ಟಿನವರಲ್ಲೂ ಇರಲಿಕ್ಕಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಲಾಂಗ್ ವೀಕೆಂಡು ಎಂಬುದನ್ನು ನಾವು ದಾಂಡೇಲಿ ಬಳಿಯ ಕೋಗಿಲಬನದವರು ಈವರೆಗೆ ನೋಡಿರುವುದು ಕೌಂಟರಿನ ಈ ಬದಿಯಿಂದ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟವರು 450 ಕಿಲೋಮೀಟರಿಗೂ ಹೆಚ್ಚು ಓಡಿಸಿಕೊಂಡು ಬಂದು, ಶನಿವಾರ ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ನಮ್ಮ ರಸ್ತೆಯಲ್ಲಿ ಇಳಿಯುತ್ತಾರೆ. ಅವರಿಗೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸಫಾರಿ ಬೇಕು, ಗಣೇಶಗುಡಿಯ ರಾಫ್ಟಿಂಗ್ ಬೇಕು, ಮಂಗಟ್ಟೆ ಹಕ್ಕಿ ಬೇಕು, ಮೌಳಂಗಿಯಲ್ಲಿ ಬಂಡೆಗಳ ನಡುವೆ ಕೂತು ಬೆನ್ನಿಗೆ ನೀರು ಹೊಡೆಸಿಕೊಳ್ಳಬೇಕು. ವೈನಿಯ ಮನೆಯ ಹಿತ್ತಲಿನಲ್ಲಿ ಎರಡು ಹೋಮ್‌ಸ್ಟೇ ಕೋಣೆಗಳಿವೆ. ಅವರ ಯಜಮಾನರು, ನಮ್ಮ ಬಾಯಲ್ಲಿ ಅಣ್ಣ, ಜೀಪು ಓಡಿಸುತ್ತಾರೆ. ದೇಶಕ್ಕೆ ರಜೆ ಬಂತೆಂದರೆ ಈ ಮನೆಗೆ ಡಬಲ್ ಡ್ಯೂಟಿ. ಹೀಗಿರುವಾಗ ಇವರು ಯಾವ ಲಾಂಗ್ ವೀಕೆಂಡಿಗೆ ಹೊರಡುವುದು?

ಚೌತಿಯನ್ನು ಮೊದಲೇ ಕೈಬಿಟ್ಟರು. ಗೋವಾ, ಪುಣೆಯಲ್ಲಿ ದುಡಿಯುವ ಮಕ್ಕಳೆಲ್ಲ ಊರಿಗೆ ಬರುವ ಹಬ್ಬ ಅದು. ಗಣಪತಿಯನ್ನು ಮಂಟಪದಲ್ಲಿ ಒಬ್ಬನೇ ಕೂರಿಸಿ ಬೀಚಿಗೆ ಹೋದರೆ ಉತ್ತರ ಕನ್ನಡ ಜಿಲ್ಲೆಯಲ್ಲಿ ಆಮೇಲೆ ಹೆಣ್ಣು ಕೊಡುವವರಿಲ್ಲ. ಗಾಂಧಿ ಜಯಂತಿ ಆಗಬಹುದಿತ್ತು. ಆದರೆ ಅಕ್ಟೋಬರ್ 3 ಮೊದಲನೇ ಶನಿವಾರ, ಬ್ಯಾಂಕು ತೆರೆದಿರುತ್ತದೆ, ಮಗ ಒಂದು ರಜೆ ಸುಡಬೇಕು. ಅಣ್ಣನ ಆಕ್ಷೇಪವೇ ಬೇರೆ. “ಅವತ್ತು ದೇಶಕ್ಕೆಲ್ಲಾ ಡ್ರೈ ಡೇ. ಅಷ್ಟು ದೂರ ಹೋಗಿ ಲಿಂಬು ಶರಬತ್ತು ಕುಡದು ಬರೂದನ?” ವೈನಿ ಅವರನ್ನು ನೋಡಿದ ನೋಟಕ್ಕೆ ದಾಸವಾಳದ ಮೊಗ್ಗು ಉದುರಬೇಕಿತ್ತು. ಕ್ರಿಸ್‌ಮಸ್ಸಿಗೆ ಬ್ಯಾಂಕಿಗೆ ಮೂರು ದಿನ ಸಲೀಸು ರಜೆ ಸಿಗುತ್ತದೆ, ನಿಜ. ಆದರೆ ಆ ವಾರ ಕಡಲ ತೀರದಲ್ಲಿ ಕೋಣೆಯ ಬಾಡಿಗೆ ಹೇಳಲು ಫೋನಿನಲ್ಲಿ ರೆಸಾರ್ಟಿನವರಿಗೇ ನಾಚಿಕೆಯಾಗುತ್ತದೆ. ಇತ್ತ ವೈನಿಯ ಎರಡೂ ಕೋಣೆಗಳು ಆಗಲೇ ಬುಕ್.

ದಿನ ಗೊತ್ತಾಗದಿದ್ದರೂ ಜಾಗದ ಚರ್ಚೆ ನಿಲ್ಲಲಿಲ್ಲ. ಹರಟೆಗೆ ತಾರೀಖು ಬೇಕೇ? ಅಣ್ಣ ಗೋವಾ ಅಂದರು. ರಾಮನಗರ ದಾಟಿ ಅನಮೋಡ ಘಟ್ಟ ಇಳಿದರೆ ಗೋವಾ, ಜೋಯಿಡಾ ತಾಲ್ಲೂಕಿನವರಿಗೆ ಅದು ಪರದೇಶವೇನಲ್ಲ. ಆದರೆ ವೈನಿಯ ಅಕ್ಕನ ಮಗ ಅಲ್ಲಿಯ ಹೋಟೆಲ್ಲೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾನೆ. “ಅವ ಉಳ್ಳಾಗಡ್ಡಿ ಹೆಚ್ಚೂ ಊರಿಗೆ ನಾ ಹೋಗಿ ಕಾಲ್ ಮ್ಯಾಲ ಕಾಲ್ ಹಾಕ್ಕೊಂಡು ಕೂಡ್ಲೇನು?” ಅಲ್ಲಿಗೆ ಗೋವಾ ಮುಗಿಯಿತು.

ನಮ್ಮಾಕೆ ಗೋಕರ್ಣ ಸೂಚಿಸಿದಳು. ಓಂ ಬೀಚು, ಕುಡ್ಲೆ, ಸ್ವಸ್ವರದಂಥ ಆಯುರ್ವೇದ ರೆಸಾರ್ಟು, ಎಣ್ಣೆಸ್ನಾನ, ಯೋಗ. ಹೋದಂತೆಯೂ ಆಯಿತು, ಮಹಾಬಲೇಶ್ವರನ ದರ್ಶನವೂ ಆಯಿತು. ವೈನಿ ಒಪ್ಪಲಿಲ್ಲ. ದೇವಸ್ಥಾನ ಬಂತೆಂದರೆ ನೆಂಟರಿಷ್ಟರಿಗೆ ಪ್ರಸಾದ ತರಬೇಕು, ಪ್ರಸಾದ ಬಂತೆಂದರೆ ಅದು ಯಾತ್ರೆ, ಲಕ್ಷುರಿ ಅಲ್ಲ. ನಾನು ಹೊನ್ನಾವರದ ಕಾಸರಕೋಡು ಹೇಳಿದೆ. 2020ರಲ್ಲಿ ಪಡುಬಿದ್ರಿಯ ಜೊತೆಗೆ ಬ್ಲೂ ಫ್ಲ್ಯಾಗ್ ಪಡೆದ ಕಡಲತೀರ ಅದು. ನೀರಿನ ಪರೀಕ್ಷೆ, ಜೀವರಕ್ಷಕರು, ಬಟ್ಟೆ ಬದಲಿಸುವ ಕೋಣೆ, ಶೌಚಾಲಯ ಅಂತ 33 ಮಾನದಂಡ ಪಾಸಾಗಬೇಕು. ಶೌಚಾಲಯ ಅಂದ ಕೂಡಲೆ ವೈನಿಯ ಕಿವಿ ನೆಟ್ಟಗಾಯಿತು. ಪ್ರವಾಸ ಹೋದ ಹೆಂಗಸರಿಗೆ ಸಮುದ್ರಕ್ಕಿಂತ ಮೊದಲು ಬೇಕಾಗುವುದು ಅದು ಎಂಬುದನ್ನು ಸಮುದ್ರದ ಫೋಟೊ ಹಾಕುವವರು ಯಾರೂ ಹೇಳುವುದಿಲ್ಲ. ಆದರೂ ಕೊನೆಗೆ ಗೆದ್ದದ್ದು ಕಾರವಾರ.

ಗೆಲ್ಲಿಸಿದ್ದು ಕಾಳಿ. ಜೋಯಿಡಾದ ಡಿಗ್ಗಿ ಹತ್ತಿರ ಹುಟ್ಟಿ 184 ಕಿಲೋಮೀಟರ್ ಹರಿಯುವ ಈ ನದಿ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ನಾಲ್ಕು ಅಣೆಕಟ್ಟೆಗಳಲ್ಲಿ ಕರೆಂಟಿಗಾಗಿ ದುಡಿದು, ನಡುವೆ ದಾಂಡೇಲಿಯ ಕಾಗದದ ಕಾರ್ಖಾನೆಗೂ ನೀರು ಕೊಟ್ಟು, ಸದಾಶಿವಗಡದ ಬುಡದಲ್ಲಿ ಸಮುದ್ರ ಸೇರುತ್ತದೆ. “ನಮ್ಮ ಹೊಳಿನೇ ವರ್ಷಪೂರ್ತಿ ದುಡದು ಅಲ್ಲಿಗೆ ಹೊಕ್ಕೈತಿ. ನಾವೂ ಅಲ್ಲಿಗೇ ಹೋಗೂಣು,” ಎಂದರು ವೈನಿ. ಇದರಲ್ಲಿ ಇನ್ನೊಂದು ಗುಟ್ಟೂ ಇದೆ. ಹೊಳೆ ದಂಡೆಯಲ್ಲಿ ಬದುಕುವ ನಾವು ಹೊಳೆಗೆ ಇಳಿಯುವವರಲ್ಲ. ದಾಂಡೇಲಿಯ ಸುತ್ತಿನ ಕಾಳಿಯಲ್ಲಿ ಮೊಸಳೆಗಳಿವೆ. ದಾಂಡೇಲಪ್ಪನ ಗುಡಿಯ ಕಡೆ ಹೋದರೆ ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯುವುದನ್ನು ಯಾರು ಬೇಕಾದರೂ ನೋಡಬಹುದು. ಬಟ್ಟೆ ಒಗೆಯಲೂ ಹಿಂದೆ ಮುಂದೆ ನೋಡಿ ನೀರಿಗೆ ಬಗ್ಗುವ ವೈನಿಗೆ ಒಮ್ಮೆ ಮೊಣಕಾಲುವರೆಗೆ ಹೆದರಿಕೆಯಿಲ್ಲದೆ ನೀರಿನಲ್ಲಿ ನಿಲ್ಲಬೇಕು. (ಕಡಲಿಗೂ ತನ್ನದೇ ಹೆದರಿಕೆ ಇದೆ. ಕೆಂಪು ಬಾವುಟ ಕಂಡರೆ ಮೊಣಕಾಲೂ ಬೇಡ ಎಂದು ನಾನು ಹೇಳಿಯೇ ಇದ್ದೇನೆ.)

ಕಾರವಾರಕ್ಕೆ ಲಕ್ಷುರಿ ಪ್ರವಾಸ ಹೊಸದಲ್ಲ. 1883ರಲ್ಲಿ ರವೀಂದ್ರನಾಥ ಟ್ಯಾಗೋರರು ಬಂದು ಉಳಿದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು, ಐಸಿಎಸ್ ಪಾಸಾದ ಮೊದಲ ಭಾರತೀಯರು, ಆಗ ಅಲ್ಲಿ ಜಿಲ್ಲಾ ನ್ಯಾಯಾಧೀಶರು. ತಮ್ಮನಿಗೆ ಇಪ್ಪತ್ತೆರಡರ ಹರೆಯ. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದರು, ಗುಡ್ಡದ ಕೋಟೆ ನೋಡಿದರು, ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕ ಬರೆದರು. ಇದನ್ನೆಲ್ಲ ನಾನು ನಿವೃತ್ತ ಮಾಸ್ತರನ ಉತ್ಸಾಹದಲ್ಲಿ ಒಪ್ಪಿಸಿದರೆ ಅಣ್ಣ ಕೇಳಿದ್ದು ಒಂದೇ, “ರೂಮಿನ ಬಾಡಿಗಿ ಎಷ್ಟ ಇತ್ತಂತ?” ಟ್ಯಾಗೋರರು ಇಳಿದದ್ದು ತಮ್ಮ ಅಣ್ಣ ಜಡ್ಜ್ ಸಾಹೇಬರ ಬಂಗಲೆಯಲ್ಲಿ, ಬಾಡಿಗೆ ಎಲ್ಲಿಯದು? “ಹಂಗಾರ ಬರೀತಾರ ಬಿಡ್ರಿ ನಾಟಕ.”

ಬಾಡಿಗೆಯ ಮಾತು ಬಂತು. ಲಕ್ಷುರಿ ಎಲ್ಲಿಂದ ಶುರು ಎಂಬುದಕ್ಕೆ ಸರ್ಕಾರವೇ ಗೆರೆ ಎಳೆದಿದೆ. 2025ರ ಸೆಪ್ಟೆಂಬರ್ 22ರಿಂದ ರಾತ್ರಿಗೆ 7500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದನ್ನು ದಾಟಿದರೆ ಶೇ 18. ಮಗ ಕಳಿಸಿದ ಈಜುಕೊಳದ ರೆಸಾರ್ಟುಗಳೆಲ್ಲ ಗೆರೆಯ ಆಚೆಯವು. ವೈನಿ ಗೆರೆಯ ಈಚೆಯೇ ಇರುವವರು, ಆದರೆ ದೇವಬಾಗದ ಗಾಳಿಮರದ ತೋಪಿನ ಕಾಟೇಜಿನ ಮೇಲೆ ಆಸೆ ಇದೆ. ಅಲ್ಲಿಗೆಂದು ಕಾರವಾರದಿಂದ ಸದಾಶಿವಗಡದ ಕಡೆ ಹೋಗುವಾಗ ಸೇತುವೆ ದಾಟಬೇಕು. ಹಳೆಯ ಕಾಳಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಲಾರಿಯ ಸಮೇತ ಹೊಳೆಗೆ ಬಿತ್ತು, ಚಾಲಕನನ್ನು ಜೀವಂತ ಎತ್ತಿದರು. ಅಣ್ಣ ಅದನ್ನು ನೆನಪಿಸಿ ಹೆದರಿಸಲು ನೋಡಿದರು. ಪಕ್ಕದ ಹೊಸ ಸೇತುವೆ ಇದೆಯಲ್ಲ ಎಂದು ವೈನಿ ಅಲ್ಲಿಗೇ ತಡೆದರು.

ಕೋಣೆಗೆ ಎಷ್ಟಾದರೂ ಆಗಲಿ, ದಾರಿ ಖರ್ಚಿನಲ್ಲಿ ವೈನಿ ಬಿಗಿ. ಜೋಯಿಡಾ, ಕುಂಬಾರವಾಡಾ, ಅಣಶಿ ಘಟ್ಟ, ಕದ್ರಾ ಅಂತ ಸುಮಾರು ನೂರು ಕಿಲೋಮೀಟರ್ ಬಸ್ಸಿನ ದಾರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಆಧಾರ್ ಕಾರ್ಡ್ ತೋರಿಸಿದರೆ ಝೀರೋ ಟಿಕೆಟ್. ವೈನಿ, ಸೊಸೆ, ಮೊಮ್ಮಗಳು, ನಮ್ಮಾಕೆ, ನಾಲ್ಕೂ ಜನ ಪುಕ್ಕಟೆ. ದುಡ್ಡು ಕೊಡಬೇಕಾದವರು ನಾವು ಗಂಡಸರು ಮಾತ್ರ. ಗೋವಾ ಬೇಡವಾದದ್ದಕ್ಕೆ ಇದೂ ಒಂದು ಕಾರಣ ಇರಬೇಕೆಂದು ನನ್ನ ಗುಮಾನಿ, ಝೀರೋ ಟಿಕೆಟ್ ರಾಜ್ಯದ ಗಡಿ ದಾಟುವುದಿಲ್ಲ. ಐಷಾರಾಮಿ ಪ್ರವಾಸಕ್ಕೆ ಕೆಂಪು ಬಸ್ಸಿನಲ್ಲಿ, ಅಣಶಿಯ ತಿರುವುಗಳಿಗೆಂದು ಕೈಯಲ್ಲಿ ಲಿಂಬೆಹಣ್ಣು ಹಿಡಿದು ಹೊರಡುವ ಧೈರ್ಯ ನಮ್ಮ ಜಿಲ್ಲೆಯವರಿಗೇ ಇರುವುದು.

ತಿನ್ನುವುದರ ಪಟ್ಟಿ ಮಾತ್ರ ಒಂದೇ ಉಸಿರಿನಲ್ಲಿ ಮುಗಿಯಿತು. ಇಸವಾಣದ ರವಾ ಫ್ರೈ, ಬಂಗಡೆ, ಸಿಗಡಿ, ಬಳಚಿನ ಸುಕ್ಕಾ, ಸೋಲ್ ಕಡಿ. ಮೀನು ಘಟ್ಟ ಹತ್ತಿ ಇಲ್ಲಿಗೂ ಬರುತ್ತದೆ. ಆದರೆ ಬಂದರಿನಲ್ಲಿ ದೋಣಿಯಿಂದ ಇಳಿದದ್ದನ್ನು ತಿನ್ನುವುದೇ ಬೇರೆ. ಜೂನ್, ಜುಲೈ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆ ಕಾಲದಲ್ಲಿ ಹೋದರೆ ಕಡಲ ಮುಂದೆ ಕೂತು ಒಣಮೀನು ತಿನ್ನಬೇಕಾದೀತು.

ಇಷ್ಟಾದ ಮೇಲೆ ನಾನು ಕೇಳಿದೆ, “ಈಜುಕೊಳ ಬೇಡ, ಮಸಾಜ್ ಬೇಡ, ಹಾಗಾದರೆ ಲಕ್ಷುರಿ ಅಂದರೆ ನಿಮಗೇನು ವೈನಿ?” ವೈನಿ ತಂತಿಯ ಮೇಲಿನ ಟವೆಲೊಂದನ್ನು ಎಳೆದುಕೊಂಡರು. ಹೋಮ್‌ಸ್ಟೇಗೆ ಬರುವವರಿಗೆ ಈಗ ಹಾಸಿಗೆಯ ಮೇಲೆ ಟವೆಲಿನ ಹಂಸ ಬೇಕು. ವೈನಿ ಅದನ್ನು ಮೊಬೈಲು ನೋಡಿ ಕಲಿತಿದ್ದಾರೆ. ಟವೆಲನ್ನು ಅಗಲಕ್ಕೆ ಹಾಸಿ, ಎರಡು ಬದಿಯಿಂದಲೂ ನಡುವಿಗೆ ಓರೆಯಾಗಿ, ಬಿಗಿಯಾಗಿ ಸುತ್ತಿಕೊಂಡು ಬಂದರೆ ಒಂದು ತುದಿ ಬಾಣದ ಮೊನೆಯಂತೆ ಚೂಪಾಗುತ್ತದೆ. ಅದನ್ನು ಎರಡು ಕಡೆ ಬಾಗಿಸಿದರೆ ಕುತ್ತಿಗೆ, ಕೊಕ್ಕು. ಸುತ್ತು ಸಡಿಲಾದರೆ ಹಂಸ ಮಲಗಿಬಿಡುತ್ತದೆ. ಟವೆಲಿನಲ್ಲಿ ಚೂರು ತೇವ ಇದ್ದರೂ ಕುತ್ತಿಗೆ ನಿಲ್ಲುವುದಿಲ್ಲ, ನಮ್ಮ ಮಳೆಗಾಲದಲ್ಲಿ ತೇವವಿಲ್ಲದ ಟವೆಲು ಎಲ್ಲಿದೆ? ಹೊಸ ಜೋಡಿಗಳಾದರೆ ಎರಡು ಹಂಸ, ಕೊಕ್ಕಿಗೆ ಕೊಕ್ಕು ತಾಗಬೇಕು. ಮಕ್ಕಳಿರುವವರಾದರೆ ಕೋಣೆಗೆ ಕಾಲಿಟ್ಟ ನಿಮಿಷದಲ್ಲೇ ಹಂಸದ ಪ್ರಾಣಪಕ್ಷಿ ಹಾರಿರುತ್ತದೆ.

“ಎಷ್ಟ ಹಂಸ ಮಾಡೇನಿ ಲೆಕ್ಕ ಇಲ್ಲ. ನನ್ನ ಹಾಸಿಗಿ ಮ್ಯಾಲ ಯಾರರ ಒಂದು ಹಂಸ ಮಾಡಿ ಇಡಬೇಕು. ಮುಂಜಾನೆ ಚಾ ನಾ ಕುದಸಬಾರದು. ಹೊಂಟ ಮ್ಯಾಲ ಬೆಡ್‌ಶೀಟು ನಾ ಒಗಿಬಾರದು. ಅಷ್ಟ ರೀ ಸರ್ರ.”

ಅಣ್ಣ ಅಷ್ಟು ಹೊತ್ತು ಜೀಪಿನ ಬಾನೆಟ್ ಒರೆಸುತ್ತಿದ್ದವರು ಬಟ್ಟೆ ಕೆಳಗಿಟ್ಟರು. ದಿನವನ್ನು ಗೊತ್ತು ಮಾಡಿದವರು ಅವರೇ. ಹೋಮ್‌ಸ್ಟೇ ಕೋಣೆಗಳು ಶುಕ್ರವಾರದಿಂದ ಭಾನುವಾರದವರೆಗೆ ತುಂಬಿರುತ್ತವೆ, ಸೋಮವಾರ ಮಧ್ಯಾಹ್ನದ ಹೊತ್ತಿಗೆ ಊರು ಖಾಲಿ. ಕಡಲ ತೀರದಲ್ಲೂ ಹಾಗೇ. ವೀಕೆಂಡಿನವರು ಎದ್ದು ಹೋದ ಮೇಲೆ ಅಲ್ಲಿಯ ಬಾಡಿಗೆಯೂ ಇಳಿಯುತ್ತದೆ, ಹೋಟೆಲಿನವನ ದನಿಯೂ ಇಳಿಯುತ್ತದೆ. ಹಾಗಾಗಿ ಗಾಂಧಿ ಜಯಂತಿಗೆ ಬರುವವರಿಗೆ ಊಟ ತಿಂಡಿ ಹಾಕಿ, ಅದೇ ದುಡ್ಡಿನಲ್ಲಿ ಅಕ್ಟೋಬರ್ 5ರ ಸೋಮವಾರದಿಂದ ಬುಧವಾರದವರೆಗೆ ಕಾರವಾರ. ಮಗ ಸಿಟ್ಟಾಗಿದ್ದಾನೆ, ಒಂದು ರಜೆ ಉಳಿಸಲು ಹೋಗಿ ಮೂರು ಹಾಕಬೇಕಾಯಿತು. ರಜೆ ಇರುವುದು ಹಾಕಲಿಕ್ಕೇ ಎಂದು ವೈನಿ ಫೋನಿಟ್ಟರು. ಅಂದು ಡ್ರೈ ಡೇ ಅಲ್ಲ ಎಂಬುದನ್ನು ಅಣ್ಣ ಯಾರಿಗೂ ಹೇಳಿಲ್ಲ, ನಾನೂ ಹೇಳಿಲ್ಲ.

ಆದ್ದರಿಂದ ಆ ವಾರ ದಾಂಡೇಲಿ ಕಡೆ ಬರುವ ಬೆಂಗಳೂರಿನ ಮಹನೀಯರಲ್ಲಿ ಒಂದು ವಿನಂತಿ. ಹುಲಿ ಕಾಣದಿದ್ದರೆ ಅಣ್ಣನ ಮೇಲೆ ರೇಗಬೇಡಿ, ಬೇಕಾದಷ್ಟು ಫೋಟೊ ತೆಗೆದುಕೊಳ್ಳಿ, ಇನ್ನೊಂದು ಚಹಾ ಕೇಳಿದರೂ ಸರಿ. ಆದರೆ ಭಾನುವಾರ ರಾತ್ರಿಯೇ ಬಿಲ್ಲು ಚುಕ್ತಾ ಮಾಡಿ, ಸೋಮವಾರ ಬೆಳಕು ಹರಿಯುವಷ್ಟರಲ್ಲಿ ಕೋಣೆ ಬಿಟ್ಟುಕೊಡಿ. ನಮಗೆ ಕಾರವಾರದ ಬಸ್ಸಿದೆ.