ಐದು ಲಕ್ಷದ ನೀರುದೋಸೆ

ಉಡುಪಿ ಕಡೆಯವನಿಗೆ ಜಗತ್ತಿನ ಯಾವ ಮೂಲೆಗೆ ಹೋದರೂ ಬೆಳ್ಳಗೆ, ತೆಳ್ಳಗೆ, ಹಬೆಯಾಡುವುದೆಲ್ಲ ನೀರುದೋಸೆಯಾಗಿಯೇ ಕಾಣುತ್ತದೆ. ಹನೋಯ್‌ನಲ್ಲಿ ನನ್ನ ಮಾನ ಹೋದದ್ದೂ ಹಾಗೆಯೇ.

"ದಿನಾ ಬ್ರೆಡ್ಡು ತಿಂದು ನಾಲಿಗೆ ಜಡ್ಡುಗಟ್ಟಿದೆ ಮಾರಾಯ್ರೆ, ಏನಾದರೂ ಬಿಸಿ ತಿಂಡಿ ತನ್ನಿ" ಎಂದು ಹೆಂಡತಿ ಭಾನುವಾರ ನಸುಕಿನಲ್ಲೇ ಎಬ್ಬಿಸಿ ಅಟ್ಟಿದಳು. ನಮ್ಮ ಓಣಿಯ ಮಾರ್ಕೆಟಿನಲ್ಲಿ ಬೇಸಿನ್ನಿನಿಂದ ಮೀನು ನೆಗೆಯುತ್ತದೆ, ಬಲೆಚೀಲದಿಂದ ಕಪ್ಪೆ ಇಣುಕುತ್ತದೆ. ಪುಳಿಚಾರಿನ ಪ್ರಾಣಿಯಾದ ನಾನು ಎಡಬಲ ನೋಡದೆ ಸಾಗುತ್ತಿದ್ದಾಗ ಮೂಲೆಯಲ್ಲಿ ಕಂಡಳು, ಬಾನ್ ಕುವೊನ್ ಮಾಡುವಾಕೆ.

ಕುದಿಯುವ ಪಾತ್ರೆಯ ಬಾಯಿಗೆ ಬಿಗಿದ ಬಟ್ಟೆ. ಅದರ ಮೇಲೆ ಒಂದು ಸೌಟು ಅಕ್ಕಿಹಿಟ್ಟು ಹರಡಿ, ಮುಚ್ಚಿ, ತೆರೆದು, ಬಿದಿರಿನ ಪಟ್ಟಿ ತೂರಿಸಿ ಎತ್ತಿದರೆ ಆಚೆಬದಿಯ ಬೀದಿ ಕಾಣುವಷ್ಟು ತೆಳುವಾದ ಹಾಳೆ! ನಮ್ಮಮ್ಮನಿಗೂ ಅಷ್ಟು ತೆಳ್ಳಗೆ ಬರುತ್ತಿರಲಿಲ್ಲ. (ಈ ಮಾತು ಊರಿಗೆ ಮುಟ್ಟದಿರಲಿ.)

ಹಂದಿಮಾಂಸದ ಕೀಮಾ, ಕಪ್ಪು ಅಣಬೆ ತುಂಬಲು ಹೊರಟವಳನ್ನು ತಡೆದು, ಖಾಲಿ ಸಾಕೆಂದು ಸನ್ನೆ ಮಾಡಿದೆ. ಒಪ್ಪಿದಳು. ಬೆಲೆ 30,000 ಡಾಂಗ್. ರೂಪಾಯಿಗೆ ಸುಮಾರು 300 ಡಾಂಗ್ ಸಿಗುವಾಗ ಅದು ನೂರು ರೂಪಾಯಿ; ಕೊಟ್ಟು ಬರಬಹುದಿತ್ತು. ಆದರೆ ಮಾಂಸವೇ ಬೇಡವೆಂದ ಮೇಲೆ ಮಾಂಸದ ದುಡ್ಡೇಕೆ? ಮೊಬೈಲಿನಲ್ಲಿ 15,000 ಒತ್ತಿ ತೋರಿಸಿದೆ. ಊಹುಂ. 20,000? ಊಹುಂ. ಆಗ ನಮ್ಮೂರಿನ ಕೊನೆಯ ಅಸ್ತ್ರ ಬಿಟ್ಟೆ: ಬೇಡವೆಂದು ಮುಖ ತಿರುಗಿಸಿ ನಾಲ್ಕು ಹೆಜ್ಜೆ ನಡೆಯುವುದು. ಐದನೆಯದಕ್ಕೆ ಕರೆಯಲೇಬೇಕು.

ಕರೆಯಲಿಲ್ಲ. ಸುಟ್ಟ ವಾಸನೆ ಬಂತು. ತಿರುಗಿದರೆ, ಕಾಗದದ ಚೂರಿಗೆ ಬೆಂಕಿ ಹಚ್ಚಿ ಪಾತ್ರೆಗೆ, ತಟ್ಟೆಗಳಿಗೆ, ಪ್ಲಾಸ್ಟಿಕ್ ಸ್ಟೂಲಿಗೆ ನಿವಾಳಿಸುತ್ತಿದ್ದಾಳೆ. ಬೆಳಗಿನ ಮಂಗಳಾರತಿ ಇರಬೇಕೆಂದು ನಿಂತಲ್ಲೇ ಭಕ್ತಿಯಿಂದ ಕೈ ಮುಗಿದೆ.

ಪಕ್ಕದ ಸೊಪ್ಪಿನ ಅಂಗಡಿಯ ಹುಡುಗ ನಗು ತಡೆಯಲಾರದೆ ಹರಕು ಇಂಗ್ಲಿಷಿನಲ್ಲಿ ವಿವರಿಸಿದ. ದಿನದ ಮೊದಲ ಗಿರಾಕಿ ಚೌಕಾಸಿ ಮಾಡಿ ಕೊಳ್ಳದೆ ಹೋದರೆ ಇಡೀ ದಿನದ ವ್ಯಾಪಾರ ಕೆಡುತ್ತದಂತೆ. ಆ ಪೀಡೆ ತೊಲಗಲು ಈ ಬೆಂಕಿಯಂತೆ. ಪೀಡೆಯೆಂದರೆ ನಾನೇ, ಕೈ ಮುಗಿದದ್ದು ನನ್ನದೇ ನಿವಾಳಿಗೆ! ಬೋಣಿ ಹೊತ್ತಿನಲ್ಲಿ ಉದ್ರಿ ಕೇಳಿದವರಿಗೆ ಅಪ್ಪ ಅಂಗಡಿಯ ಗಲ್ಲಾದಿಂದಲೇ ಸಹಸ್ರನಾಮ ಮಾಡುತ್ತಿದ್ದುದನ್ನು ಕೇಳುತ್ತ ಬೆಳೆದವನಿಗೆ ಇಷ್ಟು ತಿಳಿಯಬೇಡವೇ?

ತಲೆ ತಗ್ಗಿಸಿ ವಾಪಸು ಹೋದೆ. ಚಕಾರವೆತ್ತದೆ ಎರಡು ಪೊಟ್ಟಣ ಕಟ್ಟಿಸಿ, ಮೂರು ನೀಲಿ ನೋಟು ಅವಳ ಕೈಗೆ ತುರುಕಿ ಕಾಲ್ಕಿತ್ತೆ. ಹಿಂದಿನಿಂದ ಕೂಗು. ನೋಡಿದರೆ ಕೈಯೆತ್ತಿಕೊಂಡು ಓಡಿ ಬರುತ್ತಿದ್ದಾಳೆ. ಬೆಂಕಿಯ ಎರಡನೇ ಸುತ್ತು ಎಂದುಕೊಂಡು ನಾನೂ ಓಡಿದೆ. ಓಣಿಯ ಬಾಯಿಗೆ ಬೈಕುಗಳು ಅಡ್ಡ ಬರದಿದ್ದರೆ ಮನೆಯವರೆಗೂ ಓಡುತ್ತಿದ್ದೆನೇನೋ. ಅಂಗಿಯ ತೋಳು ಹಿಡಿದು ನಿಲ್ಲಿಸಿ ಅವಳು ನನ್ನ ಮೂಗಿನ ಮುಂದೆ ಹಿಡಿದದ್ದು 5,00,000 ಡಾಂಗಿನ ನೋಟು. 20,000ದ್ದೂ ನೀಲಿ, ಇದೂ ನೀಲಿ. ಎರಡರಲ್ಲೂ ಅದೇ ಹೋ ಚಿ ಮಿನ್. ನನ್ನ ಪರ್ಸನ್ನು ತಾನೇ ಬಿಚ್ಚಿ, ಸರಿಯಾದ ನೋಟು ಹುಡುಕಿ ತೆಗೆದು, ಐದು ಲಕ್ಷವನ್ನು ಒಳಗಿಟ್ಟು ಹೋದಳು.

ಈಗಲೂ ಭಾನುವಾರ ಅಲ್ಲಿಗೇ ಹೋಗುತ್ತೇನೆ. ಬೇರೆ ಗಿರಾಕಿ ಬಂದು ಬೋಣಿಯಾಗುವವರೆಗೆ ಸೊಪ್ಪಿನ ಅಂಗಡಿಯ ಮರೆಯಲ್ಲಿ ನಿಂತಿರುತ್ತೇನೆ. ಆದ ಮೇಲೆ ಅವಳೇ ಸೌಟು ಎತ್ತಿ ಕರೆಯುತ್ತಾಳೆ.